ಹಿಂದಿನ ಬಾಗಿಲಿಗೆ ಮೊಳೆ ಬಿದ್ದ ಕಥೆ

ಕಪೇಲಾ ವಾಡೊ, ಸಾಷ್ಟಿ, ಗೋವಾ
೯ ಮೇ ೧೯೮೮, ಸೋಮವಾರ

ಪ್ರೀತಿಯ ಕಿತೇರಿ,

ನೀನು ಕ್ರಿಸ್‌ಮಸ್ಸಿಗೆ ಕಳಿಸಿದ ಕಾರ್ಡಿಗೆ ಮೇ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದುಬಿಡು. ಆದರೆ ನೀನೂ ಪ್ರತಿ ವರ್ಷದ ಹಾಗೆ 'ಪಿಯೆದಾದ್‌ಗೆ, ಕಿತೇರಿ' ಎಂದು ಎರಡೇ ಪದ ಬರೆದಿದ್ದೆ. ಎರಡು ಪದಕ್ಕೆ ಐದು ತಿಂಗಳು ತಡವಾದರೆ ಅದೇನು ಮಹಾ! ಮುಂಬೈಯಲ್ಲಿ ನೀನೂ ಮಕ್ಕಳೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನನ್ನ ಮೊಣಕಾಲು ಮೊದಲಿನ ಹಾಗೇ ಕೆಟ್ಟದಾಗಿದೆ, ನಾಲಿಗೆ ಅದಕ್ಕಿಂತ ಕೆಟ್ಟದಾಗಿದೆ.

ಇದೇ ಇಪ್ಪತ್ತಾರಕ್ಕೆ ನಿನ್ನ ತಂಗಿಯ ಮಗಳ ಮದುವೆಗೆ ಊರಿಗೆ ಬರುತ್ತೀಯಂತೆ. ಮೀನು ಮಾರುವ ಸಾಂತಾನ್ ಹೇಳಿದಳು. ಊರು ಬಿಟ್ಟ ಇಪ್ಪತ್ತಾರು ವರ್ಷದಲ್ಲಿ ನೀನು ನಾಲ್ಕು ಸಲ ಬಂದೆ, ನಾಲ್ಕು ಸಲವೂ ನನ್ನ ಅಂಗಡಿಯ ಮುಂದೆಯೇ ಮುಖ ತಿರುಗಿಸಿಕೊಂಡು ಇಗರ್ಜಿಗೆ ಹೋದೆ. ನಾನು ಕಿಟಕಿಯಿಂದ ನೋಡಿದೆ, ಕರೆಯಲು ಬಾಯಿ ಬರಲಿಲ್ಲ. ಯಾಕೆ ಎಂದು ನಮ್ಮಿಬ್ಬರಿಗೂ ಗೊತ್ತು. ಈ ಸಲ ನೀನು ಬಂದು ನನ್ನ ಅಂಗಡಿಯಲ್ಲಿ ಕೂತು ಊಟ ಮಾಡಬೇಕು. ಅದನ್ನು ಕೇಳುವುದಕ್ಕೇ ಈ ಕಾಗದ. ಕೇಳುವ ಧೈರ್ಯ ಎಲ್ಲಿಂದ ಬಂತು ಎಂದರೆ, ಮಾರಾಯ್ತಿ, ನಾನು ಗೆದ್ದೆ! ಇಡೀ ಕೇರಿಯ ಗಂಡಸರನ್ನು ಒಂದು ಮಡಕೆ ಮೀನುಸಾರಿನಿಂದ ಗೆದ್ದೆ!

ಅಣ್ಣ ಬೆರ್ನಾರ್ದ್ ಹೋದ ವರ್ಷ ತೀರಿಕೊಂಡದ್ದು ನಿನಗೆ ಗೊತ್ತು. ಈ ಮಾರ್ಚಿನಲ್ಲಿ ಫೆನಿ ಅಂಗಡಿಯ ಲೈಸೆನ್ಸು ನನ್ನ ಹೆಸರಿಗೆ ಬಂತು. ಅಪ್ಪನದಾಗಿತ್ತು, ಅಣ್ಣನದಾಯಿತು, ಈಗ ನನ್ನದು. ಹನ್ನೆರಡನೇ ವಯಸ್ಸಿನಿಂದ ಈ ಅಂಗಡಿಯ ಅಡಿಗೆಮನೆಯಲ್ಲಿ ಊರ ಗಂಡಸರಿಗಾಗಿ ಬಾಂಗಡೆ ಹುರಿದಿದ್ದೇನೆ, ಆದರೆ ಮುಂದಿನ ಕೋಣೆಯ ಬೆಂಚಿನ ಮೇಲೆ ಒಂದು ದಿನವೂ ಕೂತಿರಲಿಲ್ಲ. ಲೈಸೆನ್ಸು ಬಂದ ಸಂಜೆ ನನಗೆ ಏನಾಯಿತೋ ಏನೋ. ಒಂದು ತಟ್ಟೆಗೆ ಅನ್ನ, ಹುಳಿ ಖಾರದ ಮೀನುಸಾರು ಆಂಬೊಟ್‌ತೀಕ್, ಎರಡು ಹುರಿದ ಬಾಂಗಡೆ ಹಾಕಿಕೊಂಡೆ. ಹೊಸದಾಗಿ ಬಟ್ಟಿ ಇಳಿಸಿದ ಉರಾಕಿಗೆ ಲಿಂಬೆ ಹಿಂಡಿ, ಉಪ್ಪು ಹಾಕಿ, ಒಂದು ಹಸಿಮೆಣಸು ಸೀಳಿ ಬಿಟ್ಟು, ಲೋಟ ಹಿಡಿದುಕೊಂಡು ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂತೆ. ಅಂಗಡಿ ತುಂಬ ಗಂಡಸರು. ಎಲ್ಲರೂ ಇಸ್ಪೀಟು ಕೆಳಗಿಟ್ಟು ನನ್ನ ತಟ್ಟೆಯನ್ನೇ ನೋಡಿದರು. ಕೊನೆಗೆ ನಮ್ಮ ಬಡಗಿ ರುಜಾರ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಮೆಲ್ಲಗೆ ಕೇಳಿದ:

"ಪಿಯೆದಾದ್, ಯಾರಾದ್ರೂ ತೀರ್ಕೊಂಡ್ರಾ?"

"ಇಲ್ಲ ಮಾರಾಯ. ನಂಗೆ ಹಸಿವಾಗಿದೆ."

"ಅಡಿಗೆಮನೇಲಿ ಜಾಗ ಇಲ್ವಾ?"

"ಬೇಕಾದಷ್ಟಿದೆ. ನೀನು ಹೋಗಿ ಕೂತ್ಕೋ."

ಯಾರೂ ನಗಲಿಲ್ಲ. ನಾನು ಉಂಡೆ. ಕಿತೇರಿ, ನಲವತ್ತು ವರ್ಷ ನಾನೇ ಮಾಡಿದ ಸಾರನ್ನು ಎಲ್ಲರದ್ದೂ ಆದ ಮೇಲೆ, ತಣ್ಣಗಾದ ಮೇಲೆ, ಒಲೆಯ ಪಕ್ಕ ನಿಂತುಕೊಂಡೇ ತಿಂದವಳು ನಾನು. ಅದು ಬಿಸಿಯಾಗಿದ್ದಾಗ ಅಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಮೆಣಸಿನ ಖಾರ ಎಂದೆ.

ಮರುದಿನ ಸಂಜೆ ಎಂದಿನಂತೆ ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು. ನಿನಗೆ ನೆನಪಿದೆಯಲ್ಲ, ನಮ್ಮ ಕೇರಿಯ ಹೆಂಗಸರಿಗೆಲ್ಲ ಸಂಜೆ ಐದಾಯಿತೆಂದರೆ ಒಂದೊಂದು ಕಾಯಿಲೆ. ಒಬ್ಬಳಿಗೆ ಹೊಟ್ಟೆನೋವು, ಒಬ್ಬಳಿಗೆ ಶೀತ, ಇನ್ನೊಬ್ಬಳಿಗೆ ಅತ್ತೆಯ ಕಾಲು ತಿಕ್ಕಬೇಕು. ಟವೆಲಿನಲ್ಲಿ ಸುತ್ತಿದ ಬಾಟಲಿ ಹಿಡಿದು ಹಿತ್ತಲಿನಿಂದ ಬರುತ್ತಾರೆ, ಫೆನಿ ತುಂಬಿಸಿಕೊಂಡು ಹಿತ್ತಲಿನಿಂದಲೇ ಹೋಗುತ್ತಾರೆ. ಆ ದಿನ ಬಂದವಳು ಸಾಂತಾನ್.

"ಕೆಮ್ಮು ಪಿಯೆದಾದ್. ಎದೆ ಕಟ್ಟಿಬಿಟ್ಟಿದೆ."

"ಮುಂದಿನ ಬಾಗಿಲಿಂದ ಬಾ. ಕೂತ್ಕೊಂಡು ಕುಡಿ, ಊಟಾನೂ ಮಾಡು."

"ತಲೆ ಕೆಟ್ಟಿದ್ಯಾ ನಿಂಗೆ? ಅಲ್ಲಿ ಗಂಡಸ್ರು ಇದಾರೆ!"

"ಬೆಳಿಗ್ಗೆಯಿಂದ ಅದೇ ಗಂಡಸ್ರ ಜೊತೆ ಸಂತೇಲಿ ಜಗಳ ಆಡಿ ಮೀನು ಮಾರ್ತೀಯಲ್ಲ, ಆಗ ನಾಚಿಕೆ ಎಲ್ಲಿ ಹೋಗಿತ್ತು?"

ಅವಳು ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಆಮೇಲೆ ಮನೆ ಸುತ್ತಿ ಮುಂದೆ ಬಂದು, ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು. ನಸುಕಿಗೇ ಎದ್ದು ನಿಂತವಳು ಅವಳು, ಆ ದಿನ ಕೂತದ್ದು ಅದೇ ಮೊದಲು. ಎರಡು ತಟ್ಟೆ ಅನ್ನ ಉಂಡಳು. ಕೆಮ್ಮಲೇ ಇಲ್ಲ.

ಮೂರನೇ ದಿನ ನಮಗೆ ಮಗ್ಗಿ ಕಲಿಸಿದ ಒಲಿಂದಾ ಟೀಚರ್ ಬಂದರು. ಎಪ್ಪತ್ತೆಂಟು ವರ್ಷ, ಒಂಟಿ ಜೀವ, ಸಂಜೆ ಚಹಾಕ್ಕೆ ಬ್ರೆಡ್ಡು ಅದ್ದಿ ತಿಂದು ಮಲಗುತ್ತಿದ್ದರಂತೆ. ಕೋಲೂರಿಕೊಂಡು ಬಂದು, "ಒಬ್ಬಳಿಗೇ ಅಂತ ಏನು ಬೇಯಿಸಲಿ ಮಗು, ಬೇಜಾರು" ಎಂದರು. ನಾಲ್ಕನೇ ದಿನ ರುಜಾರನ ಹೆಂಡತಿ ಜೊಕಿನಾಳೇ ಬಂದಳು! ಗಂಡ ಒಂದು ಮೂಲೆ, ಹೆಂಡತಿ ಇನ್ನೊಂದು ಮೂಲೆ. ಅವನು ಕೆಂಪಾಗಿಹೋದ. ವಾರದ ಕೊನೆಗೆ ಕಿಟಕಿ ಮೇಜಿನಲ್ಲಿ ಏಳು ಹೆಂಗಸರು. ಆರು ಗಂಟೆಗೆ ಬರುತ್ತಾರೆ, ಒಂದೊಂದು ಲೋಟ ಉರಾಕ್, ಹೊಟ್ಟೆ ತುಂಬ ಊಟ, ಎಂಟು ಗಂಟೆಯ ಜಪಮಾಲೆಗೆ ಮನೆ ಸೇರುತ್ತಾರೆ. ಅವರ ನಗೆಗೆ ಗಂಡಸರ ಇಸ್ಪೀಟು ಕೆಟ್ಟುಹೋಗುತ್ತಿತ್ತು.

ಗಂಡಸರು ಸುಮ್ಮನಿರುತ್ತಾರೆಯೇ? ಆ ಭಾನುವಾರ ಪೂಜೆ ಮುಗಿದ ಮೇಲೆ ರುಜಾರ್ ಹತ್ತು ಜನರನ್ನು ಕಟ್ಟಿಕೊಂಡು ದಾರಿಬದಿಯ ಶಿಲುಬೆಯ ಮುಂದೆ ಮೇಣದಬತ್ತಿ ಹಚ್ಚಿ ಆಣೆ ಹಾಕಿದ. "ಹೆಂಗಸ್ರು ಅಲ್ಲಿ ಕೂತಿರೋ ತನಕ ಪಿಯೆದಾದ್ ಅಂಗಡಿ ಹೊಸ್ತಿಲು ದಾಟಲ್ಲ!" ಹತ್ತೂ ಜನ ಅದನ್ನೇ ಹೇಳಿದರು. ಶಿಲುಬೆಯ ಮುಂದೆ ಹಾಕಿದ ಆಣೆ ನಮ್ಮೂರಲ್ಲಿ ಎಂಥದ್ದು ಎಂದು ನಿನಗೆ ಹೇಳಬೇಕಾಗಿಲ್ಲ. ಅವತ್ತು ಸಂಜೆಯಿಂದ ಎಲ್ಲರೂ ಕೂಡುರಸ್ತೆಯ ಇನಾಸನ ಅಂಗಡಿಗೆ ಹೋದರು. ಇನಾಸನ ಹತ್ತಿರ ಫೆನಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ತಿನ್ನಲು ಬೇಯಿಸಿದ ಕಡಲೆ ಬಿಟ್ಟರೆ ಇನ್ನೇನೂ ಇಲ್ಲ.

ನಾನು ಹೆದರಲಿಲ್ಲ ಎಂದರೆ ನೀನು ನಂಬುವುದಿಲ್ಲ. ಹೆದರಿದೆ. ಬೆಂಚುಗಳೆಲ್ಲ ಖಾಲಿ, ಕಿಟಕಿ ಪಕ್ಕ ಮಾತ್ರ ಏಳು ಜನ. ಏಳು ಲೋಟ ಉರಾಕಿನಿಂದ ಅಂಗಡಿ ನಡೆಯುವುದಿಲ್ಲ. ಅತ್ತಿಗೆ ಬಂದು, "ಮಾವನ ಕಾಲದ ಅಂಗಡಿ, ನಿನ್ ಹಟಕ್ಕೆ ಬಾಗಿಲು ಹಾಕ್ತೀಯಾ? ನಾಲ್ಕು ಹೆಂಗಸ್ರು ಅಡಿಗೆಮನೇಲಿ ಉಂಡ್ರೆ ಗಂಟಲಲ್ಲಿ ಇಳಿಯಲ್ವಾ?" ಎಂದು ಕೇಳಿದಳು. ರಾತ್ರಿ ಸಂತ ಅಂತೋನಿಯ ಪಟದ ಮುಂದೆ ಕೂತು, ಇನ್ನೊಂದು ವಾರ ನೋಡುತ್ತೇನೆ, ಆಗದಿದ್ದರೆ ಸೋತೆ ಎಂದು ಒಪ್ಪಿಕೊಳ್ಳುತ್ತೇನೆ ಎಂದೆ. ಮರುದಿನ ಸಾಂತಾನಳಿಗೆ ಈ ಒಂದು ವಾರದ ಗಡುವಿನ ಮಾತು ಹೇಳಲು ಹೊರಟೆ. ಅವಳು ಆಗಲೇ ಕೂತು, "ಇವತ್ತು ಏನಿದೆ ಪಿಯೆದಾದ್?" ಎಂದು ಮಗುವಿನ ಹಾಗೆ ಕೇಳಿದಳು. ಮಾತು ನುಂಗಿಕೊಂಡು ಬಡಿಸಿದೆ.

ಆಣೆ ಹಾಕಿದ ಆರನೇ ಸಂಜೆ, ಏಳಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಹೆಂಗಸರೆಲ್ಲ ಮುಂದೆ ಇದ್ದಾರೆ. ಹಿಂದಿನ ಬಾಗಿಲು ತಟ್ಟಿದ ಸದ್ದು! ಯಾವ ಹೆಂಗಸಪ್ಪಾ ಇದು ಎಂದುಕೊಂಡು ತೆರೆದರೆ, ರುಜಾರ್. ಕಂಕುಳಲ್ಲಿ ಟವೆಲು ಸುತ್ತಿದ ಒಂದು ಪಾತ್ರೆ. ಅವನ ಹಿಂದೆ ನುಗ್ಗೆಮರದ ಮರೆಯಲ್ಲಿ ಇನ್ನೂ ನಾಲ್ಕು ಜನ, ಎಲ್ಲರ ಕಂಕುಳಲ್ಲೂ ಒಂದೊಂದು ಟವೆಲು.

"ಪಿಯೆದಾದ್," ಎಂದ, ನೆಲ ನೋಡಿಕೊಂಡು. "ಸ್ವಲ್ಪ ಆಂಬೊಟ್‌ತೀಕ್ ಇದ್ಯಾ?"

"ಯಾಕೆ?"

"ಹೊಟ್ಟೆ ಸರಿ ಇಲ್ಲ. ಔಷಧಿಗೆ."

ಕಿತೇರಿ, ನನಗೆ ನಗು ತಡೆಯಲಾಗಲಿಲ್ಲ. ಬಾಗಿಲು ಹಿಡಿದುಕೊಂಡು ನಕ್ಕೆ, ನೆಲಕ್ಕೆ ಕುಸಿದು ಕೂತು ನಕ್ಕೆ. ವಿಷಯ ಇಷ್ಟೇ: ಜೊಕಿನಾ ಇಲ್ಲೇ ಹೊಟ್ಟೆ ತುಂಬ ಉಂಡು ಹೋಗುತ್ತಿದ್ದಳು, ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. 'ಇನಾಸ್ ಹತ್ರ ಕಡಲೆ ತಿಂದು ಬಂದಿದೀಯಲ್ಲ, ಸಾಲಲ್ವಾ?' ಎಂದು ಕೇಳಿ ಮಲಗಿಬಿಡುತ್ತಿದ್ದಳಂತೆ. ಐದು ದಿನ ಕಡಲೆ! ಬೇರೆ ಮನೆಗಳಲ್ಲೂ ಅದೇ ಕಥೆ.

"ಮುಂದಿನ ಬಾಗಿಲಿಂದ ಬಾ ರುಜಾರ್," ಎಂದೆ. "ಕೂತ್ಕೊಂಡು ಉಣ್ಣು."

"ಆಣೆ ಹಾಕಿದೀನಲ್ಲ!" ಅವನಿಗೆ ಅಳು ಬರುವುದೊಂದು ಬಾಕಿ. "ಶಿಲುಬೆ ಮುಂದೆ ಹಾಕಿದೀನಿ. ಹೇಗೆ ಮುರೀಲಿ ಹೇಳು?"

ಅವನ ದನಿ ಜೊಕಿನಾಳ ಕಿವಿಗೆ ಬಿದ್ದಿತ್ತು. ಅವಳು ಅಡಿಗೆಮನೆಯ ಪರದೆ ಸರಿಸಿ ಬಂದು, ಗಂಡನನ್ನು ಮೇಲಿಂದ ಕೆಳಗೆ ನೋಡಿ, ಮುಂದೆ ಹೋಗಿ ಬಾಗಿಲ ಹತ್ತಿರ ನಿಲ್ಲು, ಒಳಗೆ ಕಾಲಿಡಬೇಡ, ಗಂಟೆ ಹೊಡೆಯುವ ತನಕ ಕಾಯಿ ಎಂದಳು. ಐವರೂ ಪಾತ್ರೆ ಸಮೇತ ಮನೆ ಸುತ್ತಿ ಹೋಗಿ ಹೊಸ್ತಿಲ ಆಚೆ ಸಾಲಾಗಿ ನಿಂತರು.

ಏಳಾಯಿತು. ಇಗರ್ಜಿಯ ಗಂಟೆ ಹೊಡೆಯಿತು. ನಿನಗೆ ನೆನಪಿದೆಯಲ್ಲ, ಸಂಜೆಯ ಗಂಟೆ ಕೇಳಿದರೆ ಎಂಥ ಕುಡುಕನೂ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಾನೆ. ಏಳೂ ಹೆಂಗಸರು ಎದ್ದರು. ಒಲಿಂದಾ ಟೀಚರ್ ಕೋಲೂರಿ ಎದ್ದರು. ಹೊರಗೆ ಐವರು ಟೋಪಿ ತೆಗೆದರು. ಒಳಗಿನವರೂ ಹೊರಗಿನವರೂ ಒಂದೇ ಪ್ರಾರ್ಥನೆ ಹೇಳಿದರು. 'ಆಮೆನ್' ಆಯಿತು, ಎಲ್ಲರೂ ಕೂರಬೇಕು, ಅಷ್ಟರಲ್ಲಿ ಜೊಕಿನಾ ಕೂಗಿದಳು:

"ಯಾರೂ ಕೂರ್ಬೇಡಿ! ರುಜಾರ್, ನೋಡು, ಇಲ್ಲಿ ಒಬ್ಳೂ ಕೂತಿಲ್ಲ. ಬಾ ಒಳಗೆ!"

ಅವನು ಹೊಸ್ತಿಲ ಆಚೆಯಿಂದಲೇ ಕತ್ತು ಚಾಚಿದ. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಏಳೂ ಜನ ನಿಂತಿದ್ದರು.

"ಬೇಗ ಬಾರೋ," ಎಂದರು ಒಲಿಂದಾ ಟೀಚರ್. "ನನ್ ಕಾಲು ನೋಯ್ತಿದೆ."

ಎರಡನೇ ಕ್ಲಾಸಿನಲ್ಲಿ ಅವರಿಂದ ಕಿವಿ ಹಿಂಡಿಸಿಕೊಂಡವನು ಅವನು. ಒಂದೇ ಹೆಜ್ಜೆಗೆ ಹೊಸ್ತಿಲು ದಾಟಿದ. ಹಿಂದೆಯೇ ನಾಲ್ವರೂ ದಾಟಿದರು. ಆಮೇಲೆ ಎಲ್ಲರೂ ಕೂತರು. ನಾನು ಹನ್ನೆರಡು ತಟ್ಟೆ ಬಡಿಸಿದೆ, ಹದಿಮೂರನೆಯದು ನನಗೆ. ರುಜಾರ್ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ಒರೆಸಿ ತಿಂದ. ತಿಂದು ಮುಗಿಸಿ, "ಉಪ್ಪು ಸ್ವಲ್ಪ ಕಮ್ಮಿ" ಎಂದ, ಮಾನ ಉಳಿಸಿಕೊಳ್ಳಲು. ಉಳಿಸಿಕೊಳ್ಳಲಿ ಬಿಡು ಎಂದು ನಾನೂ ಉಪ್ಪಿನ ಬಟ್ಟಲನ್ನು ಅವನ ಮುಂದಿಟ್ಟೆ.

ಮರುದಿನ ಬೆಳಿಗ್ಗೆ ಅವನು ಸುತ್ತಿಗೆ ಹಿಡಿದುಕೊಂಡು ಬಂದ. ನಾನೇ ಬರಹೇಳಿದ್ದೆ. ಹಿಂದಿನ ಬಾಗಿಲಿಗೆ ಅಡ್ಡಪಟ್ಟಿ ಇಟ್ಟು ಒಂಬತ್ತು ಮೊಳೆ ಹೊಡೆದ. ಈಗ ಬಾವಿಯಿಂದ ನೀರು ತರಲು ನಾನು ಇಡೀ ಮನೆ ಸುತ್ತಬೇಕು, ಈ ಮೊಣಕಾಲಿನಲ್ಲಿ. ಸುತ್ತುತ್ತೇನೆ, ಸಂತೋಷದಿಂದ ಸುತ್ತುತ್ತೇನೆ! ಸಂಜೆ ಅಂಗಡಿ ಎಷ್ಟು ತುಂಬುತ್ತದೆ ಎಂದರೆ ಇನಾಸನಿಂದ ಎರಡು ಬೆಂಚು ಕಡ ತಂದಿದ್ದೇನೆ. ಬೆಂಚಿನ ಜೊತೆ ಇನಾಸನೂ ಬಂದ, ಹೆಂಡತಿಯನ್ನೂ ಕರೆತಂದ. ಗಂಡ ಹೆಂಡತಿ ಒಂದೇ ಮೇಜಿನಲ್ಲಿ ಕೂತು ಉಣ್ಣುವುದನ್ನು ನೋಡುವುದು ಎಷ್ಟು ಚೆನ್ನಾಗಿರುತ್ತದೆ ಗೊತ್ತಾ? ಒಬ್ಬರ ತಟ್ಟೆಗೆ ಇನ್ನೊಬ್ಬರು ಮೀನಿನ ಮುಳ್ಳು ಬಿಡಿಸಿ ಹಾಕುತ್ತಾರೆ.

ಸಾಕು, ಕೈ ನೋಯುತ್ತಿದೆ, ಸಂಜೆಯ ಬ್ರೆಡ್ಡಿನವನ ಸೈಕಲ್ ಹಾರ್ನು ಕೇಳುತ್ತಿದೆ. ನಿನ್ನ ಮಕ್ಕಳಿಗೆ ನನ್ನ ಮುಖದ ಗುರುತಿಲ್ಲ, ಆದರೂ ಅವರ ತಲೆಯ ಮೇಲೆ ಕೈಯಿಟ್ಟೆ ಎಂದುಕೋ. ದೇವರು ನಿನ್ನ ಮನೆಯ ಒಲೆಯನ್ನು ಬೆಚ್ಚಗೆ ಇಟ್ಟಿರಲಿ. ಮದುವೆಯ ಮಾರನೆಯ ಸಂಜೆ ಕಿಟಕಿ ಪಕ್ಕದ ಕುರ್ಚಿ ನಿನಗಾಗಿ ಖಾಲಿ ಇರುತ್ತದೆ.

ನಿನ್ನ,
ಪಿಯೆದಾದ್

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಇಷ್ಟು ಬರೆದೂ ಬರೆಯಬೇಕಾದದ್ದನ್ನು ಬರೆದಿರಲಿಲ್ಲ. ನೀನು ದುಮಿಂಗನನ್ನು ಮದುವೆಯಾಗಿ ಮೂರು ತಿಂಗಳಾಗಿತ್ತು. ಅವನು ಸಂಜೆಯ ಊಟಕ್ಕೆ ಮನೆಗೆ ಬರುತ್ತಿರಲಿಲ್ಲ. ನೀನು ಕೋಳಿ ಶಾಕುತಿ ಮಾಡಿ, ಮಡಕೆ ಹೊತ್ತುಕೊಂಡು, ನಮ್ಮ ಅಂಗಡಿಯ ಮುಂದಿನ ಬಾಗಿಲಿಗೆ ಬಂದು, "ಮನೆಗೆ ಬರದಿದ್ರೆ ಬೇಡ, ಇಲ್ಲೇ ಇಬ್ರೂ ಊಟ ಮಾಡೋಣ" ಎಂದೆ. ಅಪ್ಪ, "ಹೆಂಗಸ್ರಿಗೆ ಹಿಂದಿನ ಬಾಗಿಲು" ಎಂದ. ಗಂಡಸರು ನಕ್ಕರು. ದುಮಿಂಗ್ ನಕ್ಕ. ಪರದೆ ಹಿಡಿದು ನಿಂತಿದ್ದ ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ, ಅಪ್ಪನಿಗೆ ಕೇಳಿಸಲಿ ಎಂದು. ನೀನು ಅಪ್ಪನನ್ನು ನೋಡಲಿಲ್ಲ, ದುಮಿಂಗನನ್ನೂ ನೋಡಲಿಲ್ಲ, ನನ್ನನ್ನು ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ನಾನು ಹಿಂದಿನ ಬಾಗಿಲು ತೆರೆದೆ. ನೀನಿರಲಿಲ್ಲ. ಮೆಟ್ಟಿಲ ಮೇಲೆ ಮಡಕೆ ಇತ್ತು, ಇನ್ನೂ ಬಿಸಿ ಇತ್ತು. ನನ್ನನ್ನು ಕ್ಷಮಿಸು ಕಿತೇರಿ. ಇಪ್ಪತ್ತಾರು ವರ್ಷದಿಂದ ಆ ಮಡಕೆಯನ್ನು ಒಲೆಗೆ ಇಟ್ಟಿಲ್ಲ, ಒಡೆಯಲೂ ಬಿಟ್ಟಿಲ್ಲ. ನೀನು ಬರುವ ಸಂಜೆ ಶಾಕುತಿ ಅದರಲ್ಲೇ ಮಾಡುತ್ತೇನೆ. ಬಾ. ಮುಂದಿನಿಂದಲೇ ಬಾ, ಈ ಮನೆಗೆ ಈಗ ಬೇರೆ ಬಾಗಿಲಿಲ್ಲ.