ಶೋಕಿ ಎಂದರೆ ಹಂಬಲ

೧೨-೨-೧೯೬೧, ಭಾನುವಾರ
ಮತ್ತೆ ಜಾಲ್ಸೂರಿನ ಹಕೀಮನ ಸಿಲ್ಕ್ ಶರ್ಟು. ಗುಂಡಿಯ ಕಾಜ ಹೊಲಿದು ಮುಗಿಯುವಷ್ಟರಲ್ಲಿ ಅವನ ತಂದೆಯೇ ಅಂಗಡಿಗೆ ಬಂದರು. ನನ್ನ ಮೈಮೂನಾಳನ್ನು ಹಕೀಮನಿಗೆ ಕೇಳುತ್ತಿದ್ದಾರೆ! ಕಾರಿರುವ ಮನೆ. ನಾನೋ ದರ್ಬೆಯ ಟೈಲರ್. ಪಕ್ಕದ ಹೋಟೆಲಿನ ತ್ಯಾಂಪಣ್ಣ ನಕ್ಕ. “ಆ ಶೋಕಿಲಾಲನಿಗೆ ಮಗಳನ್ನು ಕೊಡುದಾ ಮಾರಾಯ್ರೆ? ಮಂಗಳೂರಿನ ಸೂಳೆಮನೆಗಳಲ್ಲಿ ಅವ ಹತ್ತದ ಮೆಟ್ಟಿಲು ಉಂಟಾ?” ಹೊಟ್ಟೆಕಿಚ್ಚು ಅವನಿಗೆ.

೧೪-೨
ಆದರೂ ಆ ಮಾತು ಚುಚ್ಚುತ್ತಿತ್ತು. ಮಸೀದಿಯ ಮುಸ್ಲಿಯಾರರನ್ನು ಕೇಳಿದೆ — ಶೋಕಿ ಅಂದರೆ ಎಂತ? “ಅರಬಿಯ ಶೌಕ್. ಹಂಬಲ ಅಂತ. ಅಲ್ಲಾಹನ ಮೇಲೆ ಇರುದೂ ಶೌಕೇ. ಉರ್ದುವಿನವರ ಬಾಯಿಂದ ಇಲ್ಲಿಗೆ ಬರುವಾಗ ಅತ್ತರು, ಸಿಗರೇಟು, ಹೆಣ್ಣು ಆಯ್ತು.” ಮೊದಲರ್ಧ ಮಾತ್ರ ಹೆಂಡತಿ ಐಸಮ್ಮನಿಗೆ ಹೇಳಿದೆ. ಮದುವೆಯಾದರೆ ಸರಿಹೋಗುತ್ತಾನೆ. ಹೋಗದೆ ಏನು?

೧೯-೪
ನಾಳೆ ನಿಕಾಹ್. ಮೈಮೂನಾಳನ್ನು ಕೇಳಿದೆ. ತಲೆ ತಗ್ಗಿಸಿ ಕೂತಳು. ಕನ್ಯೆ ಸುಮ್ಮನಿದ್ದರೆ ಒಪ್ಪಿಗೆ ಎಂದೇ ನಮ್ಮಲ್ಲಿ. ಐಸಮ್ಮ, “ಅವಳು ಅಳ್ತಾ ಇದ್ದಾಳೆ” ಎಂದಳು. ನೀನೂ ಅತ್ತಿರಲಿಲ್ಲವಾ ಎಂದು ಗದರಿದೆ.

೨೮-೩-೧೯೬೨
ಹೆರಿಗೆಗೆ ಬಂದಿದ್ದ ಮೈಮೂನಾ ಇವತ್ತು ಹೆತ್ತಳು. ಗಂಡು. ಸತ್ತೇ ಹುಟ್ಟಿತು. ಚರ್ಮ ಸುಲಿದಿತ್ತು... ಡಾಕ್ಟರು ಹೊರಗೆ ಕರೆದರು. “ಪರಂಗಿ ಹುಣ್ಣು, ಸಿಫಿಲಿಸ್. ಗಂಡನಿಂದ ಬಂದದ್ದು. ಇವಳಿಗೆ ಇಂಜೆಕ್ಷನ್ ಕೊಡ್ತೇನೆ. ಅವನೂ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಮುಂದಿನದ್ದೂ ಹೀಗೇ.” ಯಾ ಅಲ್ಲಾಹ್.

೨-೫
ಇಂಜೆಕ್ಷನ್ ಎಂದದ್ದಕ್ಕೆ ಹಕೀಮ ನಕ್ಕ. “ನನಗೆಂತ ರೋಗ? ನಿಮ್ಮ ಮಗಳನ್ನೇ ಕೇಳಿ.” ಕೈಯಲ್ಲಿ ಕತ್ತರಿ ಇತ್ತು. ಹಾಳಾಗಿ ಹೋಗಲಿ ಅವನು! ಬಾಣಂತಿಯ ನಲ್ವತ್ತು ಕಳೆದ ಕೂಡಲೇ ಕರೆದುಕೊಂಡು ಹೋಗುತ್ತಾನಂತೆ.
ಮುಸ್ಲಿಯಾರರು ಹೇಳಿದರು, “ನಿಕಾಹ್ ಬಿಡಿಸಬಹುದು ಅಹ್ಮದ್ ಕುಂಞಿ. ಆದರೆ ಜುಮಾ ಆದ ಮೇಲೆ ಜಮಾಅತಿನ ಮುಂದೆ ರೋಗದ ಹೆಸರು ನೀವೇ ಹೇಳ್ಬೇಕು.”
ಐಸಮ್ಮ ಬೇಡವೆಂದಳು. ಆಮೇಲೆ ಕಿರಿಯವಳು ಝುಬೈದಾಳನ್ನು ಯಾರು ಕೇಳಿಕೊಂಡು ಬರುತ್ತಾರೆ?
ಮೈಮೂನಾ, “ಹೇಳಿ ಉಪ್ಪ. ನನಗೆ ನಾಚಿಕೆ ಇಲ್ಲ” ಎಂದಳು.

೧೧-೫, ಶುಕ್ರವಾರ
ಜುಮಾ ಆದ ಮೇಲೆ ಎದ್ದು ನಿಂತೆ. ಮುಂದಿನ ಸಾಲಿನಲ್ಲೇ, ಅವಳನ್ನು ಕರೆದುಕೊಂಡು ಹೋಗಲು ಬಂದ ಹಕೀಮ. “ನನ್ನ ಮಗಳಿಗೆ...” ಎಂದೆ. ಎಲ್ಲರೂ ತಿರುಗಿದರು.
“...ಮೈಗೆ ಹುಷಾರಿಲ್ಲ. ದುಆ ಮಾಡಿ.”
ಆಮೀನ್ ಎಂದರು. ಹಕೀಮನೂ ಎಂದ.
ಮನೆಗೆ ಬಂದೆ. ಮೈಮೂನಾ ಪೆಟ್ಟಿಗೆ ತುಂಬುತ್ತಿದ್ದಾಳೆ. ಥೂ, ನಾನೂ ಒಬ್ಬ ತಂದೆ!
ಹೊರಗೆ ಕಾರಿನ ಹಾರ್ನ್. ಈಗಲಾದರೂ ಹೋಗಿ ಬಾಗಿಲಿಗೆ ಅಡ್ಡ ನಿಂತು —