ಹಸಿರು ಕಾರಿನ ಅಂಚು

ನಮ್ಮ ಶೆಡ್ಡಿನಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪುಟ್ಟಿಯ ಅಪ್ಪನಿಗೆ ನಮಸ್ಕಾರ.

ಮಣಿಕಟ್ಟಿನ ಊತ ಇಳಿಯಿತೇ? ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ದಿನಕ್ಕೆ ಮೂರು ಹೊತ್ತು ಅದುಮುತ್ತೀರೋ, ಇಲ್ಲ ಅಕ್ಕನ ಮಕ್ಕಳಿಗೆ ಆಡಲು ಕೊಟ್ಟು ಕೂತಿದ್ದೀರೋ? ನಿಮ್ಮನ್ನು ನಾನು ಬಲ್ಲೆ. ಕೈಯ ನಡುಕ ಪೂರ್ತಿ ಹೋಗುವವರೆಗೆ ಅಕ್ಕನ ಮನೆಯಿಂದ ಕದಲಬೇಡಿ. ಪುಟ್ಟಿ ಚೆನ್ನಾಗಿದ್ದಾಳೆ. ನನ್ನ ಮೈ ನೆಟ್ಟಗಿದೆ, ಮನಸ್ಸು ಮಾತ್ರ ಹೇಸಿಹೋಗಿದೆ.

ಎಲ್ಲ ನಿಮ್ಮ ತಮ್ಮನ ಕೆಲಸ ನೋಡಿ. ನೀವು ಹೋದ ಮಾರನೆಯ ದಿನದಿಂದ ಕಾರು ಉಜ್ಜುವ ಪಾಲಿಶ್ ಮಷಿನ್ನು ಅವನ ಕೈಯಲ್ಲಿದೆ. ಟೈರು ಒರೆಸಿದ ಬಟ್ಟೆಯಲ್ಲೇ ಕತ್ತಿನ ಬೆವರು ಒರೆಸಿಕೊಳ್ಳುತ್ತಾನೆ, ಅದೇ ಬಟ್ಟೆ ಬಾನೆಟ್ಟಿನ ಮೇಲೂ ಆಡುತ್ತದೆ. ನೆಲಕ್ಕೆ ಬಿದ್ದ ಸ್ಪಂಜಿನ ಪ್ಯಾಡನ್ನು ನೀವು ಮತ್ತೆ ಮುಟ್ಟುತ್ತಿರಲಿಲ್ಲ. ಒಂದೇ ಒಂದು ಮರಳಿನ ಕಣ ಅಂಟಿದ್ದರೂ ಕಾರಿನ ತುಂಬ ಗೀರು ಎನ್ನುತ್ತಿದ್ದಿರಿ. ಇವನು ಪ್ಯಾಂಟಿಗೆ ಎರಡು ಸಲ ಬಡಿದು ಮಷಿನ್ನಿಗೆ ಸಿಕ್ಕಿಸುತ್ತಾನೆ. ಪಾಲಿಶ್ ಮೆತ್ತಿದ ಬೆರಳಲ್ಲೇ ಬಿಸ್ಕತ್ತು ತಿನ್ನುತ್ತಾನೆ. ಥೂ! ಅವನು ಕುಡಿದಿಟ್ಟ ಲೋಟ ತೊಳೆಯಲೂ ನನಗೆ ಮನಸ್ಸಾಗುವುದಿಲ್ಲ. ನೀವು ಉಜ್ಜುವಾಗ ನಾನು ಪಕ್ಕದಲ್ಲಿ ಬಗ್ಗಿ ಬೆಳಕಿಗೆ ನೋಡಿ "ಸಾಕು" ಎಂದರೆ ನಿಮ್ಮ ಬೆರಳು ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತಲ್ಲ, ಆ ಒಂದು ಅಭ್ಯಾಸವನ್ನು ಮಾತ್ರ ಅವನು ಗೊಣಗುತ್ತಲೇ ಉಳಿಸಿಕೊಂಡಿದ್ದಾನೆ.

ಶನಿವಾರ ಆಸ್ಪತ್ರೆಯ ನರ್ಸಮ್ಮ ತಮ್ಮ ಹಸಿರು ಕಾರು ತಂದರು. ತೀರಿಹೋದ ಅವರ ಯಜಮಾನರು ಇಷ್ಟಪಟ್ಟು ಆರಿಸಿದ ಬಣ್ಣವಂತೆ, ಇವತ್ತಿಗೂ ಕಂಪನಿಯಿಂದ ಬಂದ ಮೊದಲ ಬಣ್ಣವೇ. "ಮಿಂಚೋದೇನೂ ಬೇಡಮ್ಮ, ಗೀರು ಮಾಸಿದ್ರೆ ಆಯ್ತು. ಬಣ್ಣ ಹಾಗೇ ಇರ್ಲಿ" ಎಂದು ನನ್ನ ಕೈ ಹಿಡಿದು ಹೇಳಿ ಹೋದರು. ನಾನು ಅಂಚುಗಳಿಗೆ ಅಂಟಿಸಲು ಟೇಪು ತಂದುಕೊಟ್ಟೆ. ಅಂಚಿನಲ್ಲಿ ಬಣ್ಣ ತೆಳು, ಮೊದಲು ಒಂದು ಗೇಣು ಜಾಗದಲ್ಲಿ ಉಜ್ಜಿ ನೋಡು, ವೇಗ ಕಡಿಮೆ ಇಡು, ಆಗಾಗ ಅಂಗೈ ಇಟ್ಟು ಬಿಸಿ ನೋಡು ಎಂದು ನಿಮ್ಮ ಪಾಠವನ್ನೆಲ್ಲ ಒಪ್ಪಿಸಿದೆ. ಹಲ್ಲು ಕಿರಿದು ಏನೆಂದ ಗೊತ್ತೇ? "ಟೇಪು ಗೀಪು ಎಲ್ಲಾ ಕೈ ನಡುಗೋರಿಗೆ, ಅತ್ತಿಗೆ!"

ನಿಮ್ಮ ಕೈಯನ್ನು ಆಡಿಕೊಂಡ! ಆ ಕೈ ದುಡಿದದ್ದನ್ನೇ ಉಂಡು ಬೆಳೆದವನು.

ಆಮೇಲೆ ಮಷಿನ್ನನ್ನು ಪೂರಾ ವೇಗಕ್ಕೆ ಏರಿಸಿ, ಬಾನೆಟ್ಟಿನ ಅಂಚಿನಲ್ಲೇ ನಿಲ್ಲಿಸಿ ಒತ್ತಿದ. ಸುಟ್ಟ ವಾಸನೆ ಬಂತು. ಒರೆಸಿದರೆ ಗೇಣುದ್ದ ಹಸಿರು ಹಾರಿಹೋಗಿ ಕೆಳಗಿನ ಬೂದು ಪ್ರೈಮರು ಹಲ್ಲು ಬಿಡುತ್ತಿತ್ತು. ಅದರ ಮೇಲೆ ಮೇಣ ಬಳಿದು, "ಯಾರಿಗ್ ಕಾಣುತ್ತೆ ಬಿಡಿ" ಎಂದ. ಸಂಜೆ ಕಾರು ಒಯ್ಯಲು ಬಂದ ನರ್ಸಮ್ಮನಿಗೆ ಕಂಡಿತು. ಬೈಯಲಿಲ್ಲ. ಆ ಜಾಗವನ್ನು ಬೆರಳಿನಿಂದ ಎರಡು ಸಲ ಸವರಿ, ಕಾರು ತೆಗೆದುಕೊಂಡು ಹೋದರು.

ಅಕ್ಕನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ ತಿಳಿಸಿ. ಚೆಂಡು ಅದುಮುವುದು ಬಿಡಬೇಡಿ.

ಇಂತಿ ನಿಮ್ಮ,
ಪುಟ್ಟಿಯ ಅಮ್ಮ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವನು ಅಂಚು ಒತ್ತುವಾಗ ನಾನು ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದೆ. ಹಸಿರು ಮಂಕಾಗುತ್ತಿದ್ದದ್ದು ಕಂಡಿತು. "ಸಾಕು" ಎಂದಿದ್ದರೆ ನಿಲ್ಲಿಸುತ್ತಿದ್ದ. ನಿಮ್ಮ ಕೈಯನ್ನು ಆಡಿಕೊಂಡನಲ್ಲ, ಸುಡಲಿ, ಬುದ್ಧಿ ಬರಲಿ ಎಂದು ಬಾಯಿ ಮುಚ್ಚಿಕೊಂಡು ನಿಂತೆ. ಈಗ ನನ್ನ ಬಗ್ಗೆಯೇ ನನಗೆ ಹೇಸಿಗೆ. ಈ ಪತ್ರ ಅಂಚೆ ಡಬ್ಬಿಗೆ ಹಾಕಿ ನೇರ ನರ್ಸಮ್ಮನ ಮನೆಗೆ ಹೋಗುತ್ತೇನೆ. ಅವರು ಕೈ ಹಿಡಿದು ಹೇಳಿದ್ದು ನನಗೆ, ಅವನಿಗಲ್ಲ.