ಮದುಮಗ ಹೇಳದೆ ಬರುತ್ತಾನೆ

ಅಪ್ಪಾ,

ಯೆಹೂದ್ಯರ ಮದುಮಗ ನಿಶ್ಚಯವಾದ ಮೇಲೆ ತಂದೆಯ ಮನೆಯಲ್ಲಿ ಕೋಣೆ ಕಟ್ಟಿ, ಹೇಳದೆ ಕೇಳದೆ ಬಂದು ಹೆಣ್ಣನ್ನು ಕರೆದೊಯ್ಯುತ್ತಿದ್ದನಂತೆ. ಕಡೇ ದಿನ ಕರ್ತನೂ ಹಾಗೇ ಬರುತ್ತಾನೆ ಎಂದು ಚರ್ಚಿನ ಸಭೆಯಲ್ಲಿ ಬೋಧಿಸುತ್ತಿದ್ದಿರಿ; ಕಾಯುವವರ ದೀಪ ಆರಿರಬಾರದು ಎನ್ನುತ್ತಿದ್ದಿರಿ. ನೀವೂ ಮನೆಗೆ ಹಾಗೇ ನುಗ್ಗುತ್ತಿದ್ದಿರಿ. ದೀಪದಲ್ಲಿ ಎಣ್ಣೆಯಿಲ್ಲದಿದ್ದರೆ ನಮಗೆ ಬೆಲ್ಟಿನ ಏಟು.

ನೀವು ಮಣ್ಣಾದ ಮೇಲೆ ಬೋಧನೆಯೂ ದೀಪವೂ ಬೆಲ್ಟೂ ತಮ್ಮನ ಪಾಲಾದವು. ಇವತ್ತು ನಾನೂ ಹೇಳದೆ ಕೇಳದೆ ಅವನ ಮನೆಗೆ ಹೋದೆ. ಅವನ ಮಗಳ ಬೆನ್ನು ಸುಲಿದು ರಕ್ತ ಸುರಿಯುತ್ತಿತ್ತು.

"ಎಣ್ಣೆ ಹಾಕೋದು ಮರ್ತಿದಾಳೆ. ನೀನು ಅಡ್ಡ ಬರ್ಬೇಡ ಅಕ್ಕಾ."

ಅದೇ ಹಿತ್ತಾಳೆ ದೀಪ ಎತ್ತಿ ಅವನ ಕೈಗೆ ಬೀಸಿ ಹೊಡೆದೆ. ಮೂಳೆ ಲಟಕ್ಕನೆ ಮುರಿಯಿತು. "ನಾನಲ್ಲಪ್ಪಾ!" ಎಂದು ಕಿರುಚಿದ.

ಏಳನೇ ವಯಸ್ಸಿನಲ್ಲಿ ನಿಮ್ಮ ಏಟಿಗೆ ಅವನು ಕಿರುಚಿದ್ದೂ ಅದನ್ನೇ. ನಿಜವನ್ನೇ ಹೇಳುತ್ತಿದ್ದ. ಅವತ್ತು ಎಣ್ಣೆ ಚೆಲ್ಲಿದವಳು ನಾನು.